ಭಂಗಿ ಗಿಡದ ಘಮ ಮತ್ತು ಕಳೆದುಹೋದ ‘ಇಂಡಿಕಾ’

‘ಇಂಡಿಕಾ’ ಅಂದ ಕೂಡಲೇ ನಮ್ಮ ಹೊಸಪೇಟೆ ಕಡೆಯವರಿಗೆ ನೆನಪಾಗೋದು ಟಾಟಾ ಕಾರು. 1998ರಲ್ಲಿ ಬಂದು 2018ರಲ್ಲಿ ನಿಂತುಹೋದ ಆ ಕಾರು ಹಂಪಿಯ ಎಷ್ಟೋ ಟ್ಯಾಕ್ಸಿಯವರಿಗೆ ಅನ್ನ ಹಾಕಿದೆ. ಇಂಜಿನಿಯರಿಂಗ್ ಓದುವಾಗ ಒಂದು ಸಲ ಗೆಳೆಯರ ಜೊತೆ ಹಂಪಿ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡೀತಾ ನಿಂತಿದ್ದೆ. ಜಡೆಗಟ್ಟಿದ ಕೂದಲಿನ ವಿದೇಶಿ ಹುಡುಗನೊಬ್ಬ ಟ್ಯಾಕ್ಸಿಯಣ್ಣನ ಹತ್ತಿರ ಬಂದು, ಆಚೀಚೆ ನೋಡಿ, ಮೆಲ್ಲಗೆ “ಇಂಡಿಕಾ?” ಅಂದ. ಟ್ಯಾಕ್ಸಿಯಣ್ಣ ಅಷ್ಟೇ ಗಂಭೀರವಾಗಿ “ನೋ ಇಂಡಿಕಾ. ಇಂಡಿಗೋ. ಎಸಿ. ಆನೆಗೊಂದಿ ಎಂಟ್ನೂರು” ಅಂದ. ನಮಗೆಲ್ಲ ಚಹಾ ನೆತ್ತಿಗೆ ಹತ್ತಿತು :-)

ನಕ್ಕಿದ್ದೆಲ್ಲ ಮುಗಿದ ಮೇಲೂ ತಲೆಯಲ್ಲಿ ಆ ಪದ ಮಾತ್ರ ಉಳಿದುಬಿಟ್ಟಿತು. ಇಂಡಿಕಾ ಅಂದರೆ ಭಾರತದ್ದು ಅಂತ ಅರ್ಥ. ಅದನ್ನು ಭಾರತಕ್ಕೇ ಬಂದು ವಿದೇಶಿ ಅಂಗಡಿಯ ಮಾಲಿನ ಹೆಸರಿನಂತೆ ಕೇಳೋದು ಅಂದರೆ... ಆಮೇಲೆ ಬಿಡುವಾದಾಗಲೆಲ್ಲ ಹುಡುಕಿ ಓದುತ್ತಾ ಹೋದೆ. ಹೆಸರಿನ ಕಥೆ ಹುಡುಕಲು ಹೋದವನಿಗೆ ಸಿಕ್ಕಿದ್ದು ವಾಸನೆಯ ಕಥೆ. ಇವತ್ತು ಆಮ್‌ಸ್ಟರ್‌ಡ್ಯಾಮಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಗಾಂಜಾ ಮಾರೋದು ಮಾವು, ನಿಂಬೆ, ಸ್ಟ್ರಾಬೆರಿ, ಬ್ಲೂಬೆರಿ ಅಂತ ಹಣ್ಣಿನ ಹೆಸರಲ್ಲಿ. ಮೇಲಿನಿಂದ ಎಸೆನ್ಸ್ ಹಾಕಿದ್ದಲ್ಲ, ಗಿಡದ ಹೂವೇ ಹಾಗೆ ಘಮ್ಮನ್ನುತ್ತದಂತೆ. ಇದು ಹೇಗಾಯಿತು, ಇದರಲ್ಲಿ ನಮ್ಮ ಪಾಲೆಷ್ಟು ಅನ್ನೋದೇ ಈ ಬರಹ.

ಮೊದಲೇ ಹೇಳಿಬಿಡ್ತೀನಿ, ಇದು ಬೆಳೆಯುವ, ಸೇದುವ ವಿಷಯದ ಬರಹ ಅಲ್ಲ. ಗಾಂಜಾ ನಮ್ಮಲ್ಲಿ ಕಾನೂನುಬಾಹಿರ, ನನಗೂ ಆ ಅಭ್ಯಾಸ ಇಲ್ಲ. ನನ್ನ ಚಟವೇನಿದ್ದರೂ ಚರಿತ್ರೆಯದ್ದು. ಅದಕ್ಕಿನ್ನೂ ಯಾರೂ ಕೇಸು ಹಾಕಿಲ್ಲ.

ಕನ್ನಡದಲ್ಲಿ ಈ ಗಿಡದ ಹಳೆಯ ಹೆಸರು ಭಂಗಿ. ಅಂತರ್ಜಾಲದಲ್ಲಿ ‘ಭಂಗಿ’ ಅಂತ ಹುಡುಕಿದರೆ ಯೋಗಾಸನದ ಚಿತ್ರಗಳೇ ರಾಶಿ ಬೀಳ್ತವೆ. ‘ಭಂಗಿ ಸೊಪ್ಪು’ ಅಂತ ಹೊಡೀಬೇಕು. ಉತ್ತರ ಕರ್ನಾಟಕದ ಮಠ, ಜಾತ್ರೆಗಳಲ್ಲಿ ಇದರ ಬಳಕೆ ಇದ್ದದ್ದು ಗುಟ್ಟೇನಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರಿಗೆ ಇದೇ ಪ್ರಸಾದ ಅನ್ನೋದು 2020ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅಲ್ಲಿ ಯಾರೂ ಇದು ಯಾವ ಹಣ್ಣಿನ ವಾಸನೆ ಅಂತ ಕೇಳೋದಿಲ್ಲ. ಪ್ರಸಾದಕ್ಕೆ ಬ್ರ್ಯಾಂಡ್ ಎಲ್ಲಿಂದ ಬರಬೇಕು?

ಹಾಗಂತ ನಮ್ಮವರಿಗೆ ಮೂಗಿರಲಿಲ್ಲ ಅಂತಲ್ಲ. ವಾಸನೆಯ ವಿಷಯದಲ್ಲಿ ನಮ್ಮವರು ತಲೆ ಓಡಿಸಿದ್ದೇ ಬೇರೆ ದಾರಿಯಲ್ಲಿ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ‘ಗಂಧಯುಕ್ತಿ’ ಅಂತ ಒಂದು ಅಧ್ಯಾಯವೇ ಇದೆ. ಹದಿನಾರು ಗಂಧದ್ರವ್ಯಗಳಲ್ಲಿ ನಾಲ್ಕು ನಾಲ್ಕು ಆರಿಸಿ, ಪ್ರಮಾಣ ಬದಲಿಸುತ್ತಾ ಹೋದರೆ ಒಟ್ಟು 1,74,720 ಪರಿಮಳಗಳು ಅಂತ ಅವನ ಲೆಕ್ಕ. ನಮ್ಮ ಪಿಯುಸಿ ಗಣಿತದ ಪರ್ಮ್ಯುಟೇಶನ್-ಕಾಂಬಿನೇಶನ್ನೇ ಇದು. ಹದಿನಾರರಲ್ಲಿ ನಾಲ್ಕು ಅಂದರೆ 1820, ನಾಲ್ಕು ಪ್ರಮಾಣಗಳ ಅದಲುಬದಲು 24, ಮತ್ತೆ ನಾಲ್ಕರಿಂದ ಗುಣಿಸಿ ನೋಡಿ, ಸರಿಯಾಗಿ ಬರುತ್ತೆ. ಕನ್ನಡದಲ್ಲೇ ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರ ಇದೆ. ಅದರಲ್ಲಿ ಗಿಡಮರಗಳ ಆರೈಕೆಯ ಅಧ್ಯಾಯವೂ ಇದೆ, ಸುಗಂಧ ತಯಾರಿಕೆಯ ಅಧ್ಯಾಯವೂ ಇದೆ. ಒಂದೇ ಪುಸ್ತಕ, ಎರಡು ಅಧ್ಯಾಯ. ತೋಟಗಾರನ ಕೆಲಸ ಒಂದು, ಗಂಧಿಗನ ಕೆಲಸ ಇನ್ನೊಂದು. ಪರಿಮಳ ಅನ್ನೋದು ಹೆಚ್ಚಾಗಿ ಅರೆಯುವ ಕಲ್ಲಿನ ಮೇಲೆ ಹುಟ್ಟುತ್ತಿತ್ತು.

ವಿಜಯನಗರದ ಹೊತ್ತಿಗೆ ಈ ಪರಿಮಳದ ಹುಚ್ಚು ಎಷ್ಟಿತ್ತು ಅಂದರೆ, 1443ರಲ್ಲಿ ಎರಡನೆಯ ದೇವರಾಯನ ಕಾಲಕ್ಕೆ ಬಂದ ಅಬ್ದುರ್ ರಜಾಕ್, ಈ ಊರಿನವರಿಗೆ ಗುಲಾಬಿ ಊಟದಷ್ಟೇ ಅಗತ್ಯ ಅನ್ನುವ ಧಾಟಿಯಲ್ಲಿ ಬರೆದಿದ್ದಾನೆ. ಇವತ್ತು ಹಂಪಿಯ ಬಜಾರಿನ ಕಲ್ಲುಕಂಬಗಳ ಸಾಲು ನೋಡುವಾಗ ನನಗೆ ಮೊದಲು ನೆನಪಾಗೋದು ಮುತ್ತುರತ್ನದ ರಾಶಿ ಅಲ್ಲ, ಈ ಹೂವಿನ ರಾಶಿ.

ಭಂಗಿಯ ವಾಸನೆಗೂ ಇದೇ ಗಂಧಯುಕ್ತಿಯ ದಾರಿ. ಅದಕ್ಕೆ ಒಳ್ಳೇ ಸಾಕ್ಷಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ. ಗೋವಾದಲ್ಲಿದ್ದ ಇವನು ಅಹಮದ್‌ನಗರದ ಬುರ್ಹಾನ್ ನಿಜಾಮ್ ಶಾಹನಿಗೂ ವೈದ್ಯ. ಆ ಬುರ್ಹಾನನ ಮಗ ಹುಸೇನನೇ ಮುಂದೆ 1565ರಲ್ಲಿ ನಮ್ಮ ಅಳಿಯ ರಾಮರಾಯನ ವಿರುದ್ಧ ದಂಡೆತ್ತಿ ಬಂದವರಲ್ಲೊಬ್ಬ. ಆ ಯುದ್ಧಕ್ಕೆ ಎರಡೇ ವರ್ಷ ಮೊದಲು, 1563ರಲ್ಲಿ, ಗೋವಾದಲ್ಲಿ ಅಚ್ಚಾದ ಓರ್ತಾನ ಪುಸ್ತಕದಲ್ಲಿ ಭಂಗಿಯ ಬಗ್ಗೆಯೇ ಒಂದು ಸಂವಾದ ಇದೆ. ಎಲೆ ಅರೆದು, ಅದಕ್ಕೆ ಹಸಿ ಅಡಿಕೆ, ಜಾಯಿಕಾಯಿ, ಜಾಪತ್ರೆ, ಲವಂಗ, ಪಚ್ಚಕರ್ಪೂರ, ಉಳ್ಳವರಾದರೆ ಅಂಬರು, ಕಸ್ತೂರಿ ಎಲ್ಲ ಸೇರಿಸ್ತಾರೆ ಅಂತ ಬರೀತಾನೆ. ಗುಜರಾತಿನ ಸುಲ್ತಾನ ಬಹಾದ್ದೂರ್ ಶಾ, ರಾತ್ರಿ ಹೊತ್ತು ಪೋರ್ಚುಗಲ್ಲಿಗೋ ಬ್ರೆಜಿಲ್ಲಿಗೋ ಹೋಗಬೇಕು ಅನ್ನಿಸಿದರೆ ಒಂಚೂರು ಭಂಗಿ ತಿಂದರೆ ಸಾಕು ಅಂತಿದ್ದನಂತೆ. ವೀಸಾ ಇಲ್ಲ, ಟಿಕೆಟ್ ಇಲ್ಲ! ನನಗೆ ಮುಖ್ಯ ಅನ್ನಿಸಿದ್ದು ಆ ಕಸ್ತೂರಿ-ಕರ್ಪೂರ. ಗಿಡದ ವಾಸನೆ ಹೇಗೇ ಇರಲಿ, ಅದರ ಮೇಲೆ ನಮಗೆ ಬೇಕಾದ ವಾಸನೆ ಕೂಡಿಸಿದರಾಯಿತು. ಗಿಡವನ್ನೇ ಬದಲಿಸುವ ಗೋಜು ಯಾಕೆ?

ಬದಲಿಸಬೇಕು ಅಂದುಕೊಂಡಿದ್ದರೂ ಅದು ಸುಲಭದ್ದಲ್ಲ. ಪಪ್ಪಾಯಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ ಇರುತ್ತಲ್ಲ, ಭಂಗಿಯೂ ಹಾಗೇ. ಅಮಲಿನ ಅಂಟು, ಘಮ ಎರಡೂ ಹೆಚ್ಚಾಗಿರೋದು ಹೆಣ್ಣು ಗಿಡದ ಹೂಗೊಂಚಲಲ್ಲಿ. ಹತ್ತಿರ ಗಂಡು ಗಿಡ ಇದ್ದರೆ ಪರಾಗ ಗಾಳಿಯಲ್ಲಿ ಬಂದು ಹೂವೆಲ್ಲ ಬೀಜವಾಗಿ ಹೋಗುತ್ತೆ. ಅದಕ್ಕೇ ಬೆಳೆಗಾರರು ಗಂಡು ಗಿಡಗಳನ್ನು ಹೂ ಬಿಡುವ ಮೊದಲೇ ಕಿತ್ತು ಹಾಕ್ತಿದ್ದರು. ಬಂಗಾಳದ ರಾಜಶಾಹಿ ಸೀಮೆಯಲ್ಲಿ (ಈಗ ಬಾಂಗ್ಲಾದೇಶ) ಇದಕ್ಕೇ ಒಬ್ಬ ಪರಿಣತ ಇರುತ್ತಿದ್ದ, ಅವನನ್ನು ‘ಗಾಂಜಾ ಡಾಕ್ಟರ್’ ಅಂತಲೇ ಕರೀತಿದ್ದರು. ಬ್ರಿಟಿಷ್ ಸರ್ಕಾರ ನೇಮಿಸಿದ 1893-94ರ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ನಿನ ವರದಿಯಲ್ಲಿ ಇದೆಲ್ಲ ದಾಖಲಾಗಿದೆ. ಮ್ಯಾಕ್‌ವರ್ತ್ ಯಂಗ್ ಅನ್ನುವವರ ಅಧ್ಯಕ್ಷತೆಯ ಈ ಆಯೋಗ 1,193 ಸಾಕ್ಷಿಗಳ ಹೇಳಿಕೆ ಪಡೆಯಿತು. ಆಗ ನಮ್ಮ ಬಳ್ಳಾರಿ ಇದ್ದದ್ದು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ, ಸಂಡೂರು ಪುಟ್ಟ ಸಂಸ್ಥಾನ. ಆಯೋಗದ ಗಮನವೆಲ್ಲ ತೆರಿಗೆ ಎಷ್ಟು, ಇದರಿಂದ ಹುಚ್ಚು ಹಿಡಿಯುತ್ತಾ, ಅಪರಾಧ ಹೆಚ್ಚುತ್ತಾ ಅನ್ನೋದರ ಮೇಲೆ. ಮಿತವಾಗಿ ಬಳಸಿದರೆ ಅಂಥ ಅಪಾಯವೇನಿಲ್ಲ, ಪೂರ್ತಿ ನಿಷೇಧ ಬೇಡ ಅನ್ನುವ ತೀರ್ಮಾನಕ್ಕೆ ಬಂದರು.

ಇಲ್ಲಿ ನನಗೊಂದು ಯೋಚನೆ ಬಂತು. ಗಂಡನ್ನೆಲ್ಲ ಕಿತ್ತ ಮೇಲೆ ಮುಂದಿನ ವರ್ಷಕ್ಕೆ ಬೀಜ ಎಲ್ಲಿಂದ? ಡಾಕ್ಟರನ ಕಣ್ಣು ತಪ್ಪಿಸಿಕೊಂಡ ಯಾವುದೋ ಒಂದೆರಡು ಗಂಡು ಗಿಡದಿಂದ ತಾನೇ. ಅಂದರೆ ತಾಯಿಯನ್ನು ಎಷ್ಟೇ ಜಾಗ್ರತೆಯಿಂದ ಆರಿಸಿದರೂ ತಂದೆ ಮಾತ್ರ ಚೆನ್ನಾಗಿ ಬಚ್ಚಿಟ್ಟುಕೊಂಡವನು! ಇಂಥ ಹೊಲದಲ್ಲಿ ಒಂದು ನಿರ್ದಿಷ್ಟ ವಾಸನೆಯನ್ನು ತಲೆಮಾರಿನಿಂದ ತಲೆಮಾರಿಗೆ ಹಿಡಿದಿಡೋದು ಕಷ್ಟ. ಆಯಾ ಸೀಮೆಯ ಮಣ್ಣು, ಮಳೆಗೆ ಒಗ್ಗಿಕೊಂಡ, ಒಳಗೊಳಗೇ ನೂರು ಬಗೆಯ ವಾಸನೆ ಇಟ್ಟುಕೊಂಡ ನಾಟಿ ತಳಿಗಳು ಉಳಿದವು. ಬೀದಿಯಲ್ಲಿ ಓಟೆಯಿಂದ ಹುಟ್ಟಿದ ನಾಟಿ ಮಾವಿನ ಮರಗಳ ಹಾಗೆ, ಒಂದೊಂದರದ್ದೂ ಒಂದೊಂದು ರುಚಿ.

ಇನ್ನು ಹೆಸರಿನ ವಿಷಯ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಹೊರ್ಟುಸ್ ಮಲಬಾರಿಕುಸ್ ಪುಸ್ತಕದ ಹತ್ತನೆಯ ಸಂಪುಟದಲ್ಲಿ (1690) ಈ ಗಿಡದ ಎರಡು ಚಿತ್ರಗಳಿವೆ, ಬೇರೆ ಬೇರೆ ಮಲಯಾಳಂ ಹೆಸರಿನ ಜೊತೆ. 1753ರಲ್ಲಿ ಲಿನೇಯಸ್ ಯುರೋಪಿನ ನಾರಿನ ಗಿಡ, ಮಲಬಾರಿನ ಗಿಡ ಎಲ್ಲವನ್ನೂ ಕ್ಯಾನಬಿಸ್ ಸಟೈವಾ ಅಂತ ಒಂದೇ ಗಂಟಿಗೆ ಕಟ್ಟಿದ. 1785ರಲ್ಲಿ ಫ್ರಾನ್ಸಿನ ಲಮಾರ್ಕ್, ಪಿಯೇರ್ ಸೊನೆರಾ ಭಾರತದಿಂದ ಕಳಿಸಿದ ಗಿಡ ನೋಡಿ, ಇಲ್ಲ ಇದೇ ಬೇರೆ ಅಂದ. ಕಾಂಡ ಗಟ್ಟಿ, ನಾರಿಗೆ ಬಾರದ್ದು, ಎಲೆಯ ಬೆರಳುಗಳು ಸಪೂರ, ಮತ್ತೆ ಗಾಢವಾದ ವಾಸನೆ. ಕ್ಯಾನಬಿಸ್ ಇಂಡಿಕಾ ಅನ್ನುವ ಹೆಸರು ಹುಟ್ಟಿದ್ದು ಹೀಗೆ. ಗಮನಿಸಿ, ಅದು ಭಾರತದ ಸಪೂರ ಎಲೆಯ ಗಿಡಕ್ಕೆ ಇಟ್ಟ ಹೆಸರು.

ಮುಂದಿನದು ಹಿಪ್ಪಿಗಳ ಕಾಲ. 1960ರ ದಶಕದ ಕೊನೆಯಿಂದ ಇಸ್ತಾಂಬುಲ್, ಕಾಬೂಲ್ ಮೇಲೆ ಹಾಯ್ದು ದೆಹಲಿ, ಗೋವಾಕ್ಕೆ ಬಸ್ಸಿನಲ್ಲೇ ಬಂದವರು ಸಾವಿರಾರು ಜನ. 1979ರಲ್ಲಿ ಇರಾನಿನ ಕ್ರಾಂತಿ, ಅಫಘಾನಿಸ್ತಾನಕ್ಕೆ ಸೋವಿಯತ್ ಸೇನೆ, ಎರಡೂ ಆಗಿ ಆ ದಾರಿ ಮುಚ್ಚಿತು. ಗೋವಾದ ಸಮುದ್ರ ಬೇಸರವಾದವರಿಗೆ ಹಂಪಿ ಹತ್ತಿರದ ತಾಣವಾಯಿತು. ತುಂಗಭದ್ರೆಯ ಆಚೆ, ಕೊಪ್ಪಳ ಜಿಲ್ಲೆಗೆ ಸೇರಿದ ವಿರುಪಾಪುರ ಗಡ್ಡೆಯಲ್ಲಿ ಭತ್ತದ ಗದ್ದೆಗಳ ಅಂಚಿನಲ್ಲಿ ಗುಡಿಸಲು ಹೋಟೆಲುಗಳೆದ್ದವು. ಈ ಬಗೆಯ ಪ್ರಯಾಣಿಕರು ವಾಪಸ್ಸು ಹೋಗುವಾಗ ತಗೊಂಡು ಹೋದ ಸಾಮಾನುಗಳಲ್ಲಿ ತೀರಾ ಹಗುರವಾದದ್ದು ಬೀಜ.

ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಹುಟ್ಟಿದ ‘ಹೇಝ್’ ಅನ್ನುವ ತಳಿಯ ವಂಶಾವಳಿಯನ್ನು ಬೀಜ ಮಾರುವವರು ಹೇಳೋದು ಹೀಗೆ: ಕೊಲಂಬಿಯಾ, ಮೆಕ್ಸಿಕೋ, ಥಾಯ್ಲೆಂಡ್, ದಕ್ಷಿಣ ಭಾರತ. 1990ರ ದಶಕದ ಡಚ್ ತಳಿ ‘ವೈಟ್ ವಿಡೋ’ಗೆ ತಾಯ್ತಂದೆ ಬ್ರೆಜಿಲ್ ಮತ್ತು ದಕ್ಷಿಣ ಭಾರತ ಅಂತ ಹೇಳಿಕೆ. ಊರಿನ ಹೆಸರು ಇಲ್ಲ, ಹೆಚ್ಚೆಂದರೆ ‘ಕೇರಳ’ ಅಂತಿರುತ್ತೆ. ದಕ್ಷಿಣ ಭಾರತ ಅಂದರೆ ಕಾಸರಗೋಡಿನಿಂದ ಕಡಪದವರೆಗೆ ಯಾವ ಬೆಟ್ಟವೂ ಆಗಬಹುದು. ನಮ್ಮ ಕಸುಬಿನ ಮಾತಲ್ಲಿ ಹೇಳಬೇಕಂದರೆ, ಕೋಡ್ ಕಾಪಿ ಮಾಡಿಕೊಂಡು ಮೂಲ ಲೇಖಕರ ಹೆಸರಿದ್ದ ಸಾಲು ಅಳಿಸಿದ ಹಾಗೆ. ಆ ಹೇಝಿನ ಮೊಮ್ಮಕ್ಕಳ ಪೈಕಿ ‘ಸೂಪರ್ ಲೆಮನ್ ಹೇಝ್’ ಅನ್ನೋದು ಆಮ್‌ಸ್ಟರ್‌ಡ್ಯಾಮಿನ ಕ್ಯಾನಬಿಸ್ ಕಪ್ ಸ್ಪರ್ಧೆಯಲ್ಲಿ 2008, 2009 ಎರಡು ವರ್ಷ ಸಾಲಾಗಿ ಗೆದ್ದಿತು. ನಿಂಬೆ ವಾಸನೆಗೇ ಹೆಸರಾದ ತಳಿ.

ಅವರು ಆರಿಸುವ ರೀತಿ ಮಾತ್ರ ಮೆಚ್ಚಬೇಕಾದ್ದೇ. ಕಮಲಾಪುರದ ಬಾಳೆ ತೋಟದ ರೈತನಿಗೆ ಈ ತಾಪತ್ರಯ ಇಲ್ಲ. ತಾಯಿ ಬಾಳೆಯ ಬುಡದ ಕಂದು ಕಿತ್ತು ನೆಟ್ಟರೆ ಹಣ್ಣಿನ ಘಮ ಯಥಾವತ್ ಬರುತ್ತೆ. ಬೀಜದ ಗಿಡದಲ್ಲಿ ಪ್ರತಿ ಸಲವೂ ಇಸ್ಪೀಟಿನ ಎಲೆ ಕಲಸಿದ ಹಾಗೆ. ಎರಡು ಬೇರೆ ಬೇರೆ ಸ್ಥಿರ ತಳಿ ಕೂಡಿಸಿದರೆ ಮೊದಲ ತಲೆಮಾರಿನ ಗಿಡಗಳು ಹೆಚ್ಚುಕಡಿಮೆ ಒಂದೇ ಥರ. ಅವನ್ನೇ ತಮ್ಮತಮ್ಮಲ್ಲಿ ಕೂಡಿಸಿದಾಗ ಎರಡನೆಯ ತಲೆಮಾರಿನಲ್ಲಿ ಎಲ್ಲ ಚೆಲ್ಲಾಪಿಲ್ಲಿ: ಒಂದು ಸೀಮೆಎಣ್ಣೆ, ಒಂದು ಹುಲ್ಲು, ಇನ್ನೊಂದು ಮಾಗಿದ ಮಾವು. ತಳಿಗಾರ ನೂರಾರು ಗಿಡ ಬೆಳೆಸಿ, ಒಂದೊಂದನ್ನೂ ಮೂಸಿ ನೋಡ್ತಾನೆ. ಹೂ ಬಿಡುವ ಮುಂಚೆಯೇ ಪ್ರತಿ ಗಿಡದಿಂದ, ನಾವು ದಾಸವಾಳದ ಕಡ್ಡಿ ನೆಡ್ತೀವಲ್ಲ ಹಾಗೆ, ಒಂದು ಕಡ್ಡಿ ತೆಗೆದು ಇಟ್ಟುಕೊಂಡಿರ್ತಾನೆ. ಘಮ ಚೆನ್ನಾಗಿದ್ದ ಗಿಡದ ಕಡ್ಡಿ ಮಾತ್ರ ಉಳಿಸಿ ಮಿಕ್ಕಿದ್ದೆಲ್ಲ ತಿಪ್ಪೆಗೆ. ಹಸಿಯಾಗಿದ್ದಾಗಿನ ವಾಸನೆ ಒಣಗಿದ ಮೇಲೆ ಇರೋದಿಲ್ಲ, ಬೇಗ ಹಾರಿಹೋಗುವ ಅಂಶಗಳು ಮೊದಲು ಹೋಗ್ತವೆ. ಹಾಗಾಗಿ ಒಣಗಿಸಿ, ಮಾಗಿಸಿ, ಮತ್ತೊಮ್ಮೆ ಮೂಸಬೇಕು.

ತೊಡಕಿರೋದು ಗಂಡಿನಲ್ಲಿ. ಮೂಸೋಣ ಅಂದರೆ ಹೆಣ್ಣಿನಂಥ ಹೂಗೊಂಚಲೇ ಇಲ್ಲ. ತಳಿಗಾರರು ಗಂಡು ಗಿಡದ ಕಾಂಡವನ್ನು ಬೆರಳಲ್ಲಿ ಉಜ್ಜಿ ಮೂಸ್ತಾರೆ. ನೆಚ್ಚಿಕೊಳ್ಳೋ ಹಾಗಿದ್ದರೆ ಅದರ ಹೆಣ್ಣುಮಕ್ಕಳನ್ನು ಬೆಳೆಸಿ ನೋಡಿಯೇ ತಂದೆಯ ಗುಣ ತೀರ್ಮಾನಿಸಬೇಕು. ಒಳ್ಳೇ ಹೋರಿ ಆರಿಸುವಾಗ ಅದಕ್ಕೆ ಹುಟ್ಟಿದ ಹಸುಗಳ ಹಾಲು ಅಳೀತಾರಲ್ಲ, ಥೇಟ್ ಅದೇ ಲೆಕ್ಕ. ನಮ್ಮ ಗಾಂಜಾ ಡಾಕ್ಟರ್ ಕಿತ್ತು ಎಸೆಯುತ್ತಿದ್ದ ಗಂಡನ್ನು ಇವರು ಜೋಪಾನ ಮಾಡಿದರು. ವ್ಯತ್ಯಾಸ ಬಿದ್ದದ್ದೇ ಅಲ್ಲಿ ಅಂತ ನನ್ನ ಅಂದಾಜು.

ಆ ಘಮ ಏನು ಅಂತ ರಸಾಯನಶಾಸ್ತ್ರದವರು ಹೇಳಿದ್ದು ಇತ್ತೀಚೆಗೆ. ಹೂವಿನ ಮೇಲೆ ಕಣ್ಣಿಗೆ ಸಕ್ಕರೆ ಉದುರಿಸಿದಂತೆ ಕಾಣುವ ಪುಟ್ಟ ಗ್ರಂಥಿಗಳಿರ್ತವೆ, ಅಮಲಿನ ಅಂಶವೂ ಅಲ್ಲೇ, ಟರ್ಪೀನ್ ಅನ್ನುವ ಸುವಾಸನೆಯ ಎಣ್ಣೆಯೂ ಅಲ್ಲೇ. ಮಿರ್ಸೀನ್ ಮಾವಿನಲ್ಲೂ ಇದೆ, ಲಿಮೊನೀನ್ ನಿಂಬೆ ಸಿಪ್ಪೆಯಲ್ಲಿ, ಪೈನೀನ್ ದೇವದಾರಿನಂಥ ಮರಗಳಲ್ಲಿ, ಲಿನಲೂಲ್ ಕೊತ್ತಂಬರಿ ಬೀಜದಲ್ಲಿ. ಇವನ್ನು ತಯಾರಿಸುವ ಕಿಣ್ವಗಳು ಒಂದೇ ಕುಟುಂಬದವು. ಕಚ್ಚಾ ಮಾಲು ಒಂದೇ, ಯಾವ ಕಿಣ್ವ ಕೆಲಸ ಮಾಡಿತು ಅನ್ನೋದರ ಮೇಲೆ ನಿಂಬೆಯೋ ಮಾವೋ. ಆದರೆ ಟರ್ಪೀನಿನಿಂದಲೇ ಎಲ್ಲ ತೀರುವುದಿಲ್ಲ ಅಂತ 2023ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಸೀಬೆ, ಪ್ಯಾಶನ್ ಫ್ರೂಟ್ ಥರದ ಘಮಕ್ಕೆ ಕಾರಣ ತೀರಾ ಅತ್ಯಲ್ಪ ಪ್ರಮಾಣದ ಗಂಧಕದ ಸಂಯುಕ್ತಗಳಂತೆ. ಅದೇ ತಂಡದವರು 2021ರಲ್ಲಿ ‘ಸ್ಕಂಕ್’ ವಾಸನೆಗೂ ಗಂಧಕವೇ ಕಾರಣ ಅಂದಿದ್ದರು. ಸ್ಕಂಕ್ ನಮ್ಮಲ್ಲಿಲ್ಲದ ಪ್ರಾಣಿ. ಪುನುಗಿನ ಬೆಕ್ಕಿನ ದೂರದ ನಾತ ಕಲ್ಪಿಸಿಕೊಳ್ಳಿ, ಹತ್ತಿರ ಬರಬಹುದು. ಗಂಧಯುಕ್ತಿಯವರು ಪುನುಗನ್ನು ಚಿಟಿಕೆಯಷ್ಟೇ ಯಾಕೆ ಹಾಕ್ತಿದ್ದರು ಅನ್ನೋದಕ್ಕೂ ಇಲ್ಲೊಂದು ಹೊಳಹಿದೆ.

ಈಗ ಟ್ಯಾಕ್ಸಿಯಣ್ಣನನ್ನು ಆ ಹುಡುಗ ಕೇಳಿದ ಪದಕ್ಕೆ ಬರೋಣ. 1970ರ ದಶಕದಲ್ಲಿ ಸಸ್ಯಶಾಸ್ತ್ರಜ್ಞರು ಅಫಘಾನಿಸ್ತಾನದ ಗಿಡ್ಡ, ಅಗಲ ಎಲೆಯ ಗಿಡವನ್ನು ಇಂಡಿಕಾ ಅಂತ ಗುರುತಿಸಿದರು. ಬೀಜದ ವ್ಯಾಪಾರಿಗಳು ಅದನ್ನೇ ಹಿಡಿದುಕೊಂಡರು. ಲಮಾರ್ಕ್ ಕಂಡ ಸಪೂರ ಎಲೆಯ ಭಾರತದ ಗಿಡ ಅವರ ಪಟ್ಟಿಯಲ್ಲಿ ‘ಸಟೈವಾ’ ಆಯಿತು. ಇಂಡಿಯಾದ್ದು ಇಂಡಿಕಾ ಅಲ್ಲ, ಅಫಘಾನಿನದ್ದು ಇಂಡಿಕಾ! 2021ರಲ್ಲಿ ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದವರು ಜೊತೆಗಾರರೊಂದಿಗೆ ಅಂಗಡಿ ತಳಿಗಳ ಜೀನ್ ಪರೀಕ್ಷಿಸಿದರು. ಇಂಡಿಕಾ, ಸಟೈವಾ ಅನ್ನುವ ಚೀಟಿಗೂ ಗಿಡದ ವಂಶಕ್ಕೂ ನಂಟು ಕಾಣಲಿಲ್ಲ, ಕೆಲವೇ ಕೆಲವು ಟರ್ಪೀನುಗಳಿಗೆ ಮಾತ್ರ ನಂಟಿತ್ತು. ಮಿರ್ಸೀನ್ ಹೆಚ್ಚಿದ್ದರೆ ಜನ ಅದನ್ನು ಇಂಡಿಕಾ ಅಂತ ಕರೆಯುವ ಸಾಧ್ಯತೆ ಹೆಚ್ಚು. ಅಂದರೆ ನಮ್ಮ ದೇಶದ ಹೆಸರು ಇವತ್ತು ಆ ವ್ಯಾಪಾರದಲ್ಲಿ ಒಂದು ವಾಸನೆಯ ಅಡ್ಡಹೆಸರು ಅಷ್ಟೇ.

ಇತ್ತ ಗಿಡದ ಸ್ಥಿತಿ? 1961ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಔಷಧಿಯಲ್ಲದ ಬಳಕೆ ನಿಲ್ಲಿಸಲು 25 ವರ್ಷದ ಗಡುವಿತ್ತು, ಅದರ ಅಂಚಿನಲ್ಲಿ 1985ರಲ್ಲಿ ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂತು. ಅದರ ಪ್ರಕಾರ ಗಾಂಜಾ ಅಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆ ಇಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಯ ಹೊರಗೆ. ಸರಿಯಾಗಿ ಘಮ ಇರುವ ಜಾಗದಲ್ಲೇ ಗೆರೆ ಎಳೆದ ಹಾಗಾಯಿತು. ಈಗ ನಮ್ಮ ರಾಜ್ಯದಲ್ಲಿ ಗಾಂಜಾ ಬೆಳೆ ಕಾಣೋದು ಪೇಪರಿನ ಅಪರಾಧ ಪುಟದಲ್ಲಿ, ಮೆಕ್ಕೆಜೋಳದ ನಡುವೆಯೋ ಕಬ್ಬಿನ ನಡುವೆಯೋ ಪೊಲೀಸರು ಕಿತ್ತು ಹಾಕಿದ್ದು ಅಂತ. ವಿರುಪಾಪುರ ಗಡ್ಡೆಯ ಹೋಟೆಲುಗಳೂ ಈಗಿಲ್ಲ. ಫೆಬ್ರವರಿ 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಮುಂದಿನ ತಿಂಗಳೇ ಕೆಡವಿದರು. ಅದು ಪಾರಂಪರಿಕ ಪ್ರದೇಶದ ಅಕ್ರಮ ಕಟ್ಟಡಗಳ ಪ್ರಕರಣ, ಗಾಂಜಾದ್ದಲ್ಲ.

ಕಾಯ್ದೆ ತಪ್ಪು, ಎಲ್ಲ ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ಕಾಲೇಜು ದಿನಗಳಲ್ಲಿ ಇದರ ಹಿಂದೆ ಬಿದ್ದು ಸೆಮಿಸ್ಟರ್‌ಗಟ್ಟಲೆ ಕಳಕೊಂಡವರನ್ನೂ ನೋಡಿದ್ದೀನಿ. ನನ್ನ ತಕರಾರು ದಾಖಲೆಯ ಬಗ್ಗೆ. ಇಲ್ಲೇ ಹತ್ತಿರದ ಹಡಗಲಿ ಮಲ್ಲಿಗೆಗೆ, ಆಚೆ ನಂಜನಗೂಡಿನ ರಸಬಾಳೆಗೆ ಜಿಐ ಮಾನ್ಯತೆ ಇದೆ. ಘಮಕ್ಕೆ ಊರಿನ ವಿಳಾಸ ಸಿಕ್ಕಿದೆ. ರಸಬಾಳೆ ರೋಗದಿಂದ ನಾಶವಾಗುವ ಹಂತಕ್ಕೆ ಹೋದಾಗ ಅದನ್ನು ಉಳಿಸಲು ಜನ ಓಡಾಡಿದ್ದು, ಅದರ ಪರಿಮಳ ಬಲ್ಲವರು ಇದ್ದದ್ದರಿಂದ. ಭಂಗಿಯ ನಾಟಿ ತಳಿಗಳಿಗೆ ಅಂಥವರು ಯಾರೂ ಇಲ್ಲ. ಸೊನೆರಾ ತಂದ ಗಿಡವನ್ನು ಪ್ಯಾರಿಸ್ಸಿನಲ್ಲಿ ಒಣಗಿಸಿ ಅಂಟಿಸಿಟ್ಟಿದ್ದಾರೆ, ಎಲೆಯ ಆಕಾರ ಉಳಿದಿದೆ. ಘಮ ಉಳಿಯಬೇಕಾದರೆ ಗಿಡ ಜೀವಂತ ಇರಬೇಕು, ಇಲ್ಲವೇ ಯಾರಾದರೂ ಪ್ರಯೋಗಾಲಯದಲ್ಲಿ ಅಳೆದು ಬರೆದಿಟ್ಟಿರಬೇಕು. ವೈಜ್ಞಾನಿಕ ಉದ್ದೇಶಕ್ಕೆ ಅನುಮತಿ ಕೊಡಲು ಅದೇ 1985ರ ಕಾಯ್ದೆಯಲ್ಲಿ ಅವಕಾಶ ಇದೆ. ಜಮ್ಮುವಿನ ಸಿಎಸ್ಐಆರ್ ಸಂಸ್ಥೆ ಸಂಶೋಧನೆಗಾಗಿ ಬೆಳೆಯುತ್ತಿದೆ, ಉತ್ತರಾಖಂಡ 2018ರಿಂದ ಅಮಲಿಲ್ಲದ ನಾರಿನ ತಳಿಗೆ ಪರವಾನಗಿ ಕೊಡುತ್ತಿದೆ. ಪೊಲೀಸರು ಸುಡುವ ಮುನ್ನ ಒಂದು ಹಿಡಿ ಬೀಜ ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗುವ ಹಾಗಾದರೆ, ಕೋರ್ಟು-ಕಚೇರಿಯ ಕಾಗದ ಸ್ವಲ್ಪ ಜಾಸ್ತಿ ಆಗಬಹುದು, ಅಷ್ಟೇ.

ಕೊನೆಗೊಂದು ಕೋರಿಕೆ. ನಿಮ್ಮ ಕಡೆ ಜಾತ್ರೆ, ಮಠಗಳ ಒಡನಾಟ ಇದ್ದ ಹಿರಿಯರಿದ್ದರೆ, ಭಂಗಿಯ ವಾಸನೆಯನ್ನು ಅವರು ಯಾವುದಕ್ಕೆ ಹೋಲಿಸ್ತಾರೆ ಅಂತ ಕೇಳಿ ನೋಡಿ. ಮಾವಿನ ಚಿಗುರಿಗೋ, ನಿಂಬೆ ಹುಲ್ಲಿಗೋ, ಕಾಡುತುಳಸಿಗೋ? ನಮ್ಮ ಅಜ್ಜಿಯನ್ನು ಕೇಳಿದೆ. “ಅದರ ವಾಸನೀ ತಗೊಂಡು ನಿನಗೇನಾಗಬೇಕಾಗೈತಿ, ಮದುವೀ ವಯಸ್ಸಿನಾಗ?” ಅಂದಳು. ನಿಮ್ಮ ಮನೆಯಲ್ಲಿ ಇದಕ್ಕಿಂತ ಒಳ್ಳೇ ಉತ್ತರ ಸಿಕ್ಕರೆ ಇಲ್ಲಿ ಬರೀರಿ.